ಮೂಲಂಗಿಯ ಬಾಲ ಅಳೆದು ಚಳಿ ಹೇಳಿದವರು

ನಮ್ಮ ನೋರುಮೊಕ್ ಊರಿನಲ್ಲಿ ಚಳಿಗಾಲ ಯಾವಾಗ ಬರಬೇಕು, ಎಷ್ಟು ಬರಬೇಕು ಎಂದು ತೀರ್ಮಾನಿಸುತ್ತಿದ್ದವರು ಊರ ಯಜಮಾನ ಮೇಂಗ್ ಚಿಲ್‌ಸೊಂಗ್ ಅವರು. ಈ ಏರ್ಪಾಡನ್ನು ಉತ್ತರದ ಗಾಳಿಗೆ ಯಾರೂ ತಿಳಿಸಿರಲಿಲ್ಲ ಎಂಬುದೊಂದೇ ಇದರಲ್ಲಿದ್ದ ಕೊರತೆ.

ನಾನು ಅವರ ಪಕ್ಕದ ಮನೆಯವಳು, ಮಾನ್ಸುವಿನ ತಾಯಿ. ನಮ್ಮಿಬ್ಬರ ಹಿತ್ತಲಿನ ನಡುವೆ ಎದೆಮಟ್ಟದ ಕಲ್ಲುಗೋಡೆ. ಈ ಊರಿಗೆ ಸೊಸೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ ಆ ಗೋಡೆಯ ಮೇಲೆ ಮೊಣಕೈ ಊರಿ ಕಲಿತಷ್ಟನ್ನು ನಾನು ಬೇರೆಲ್ಲೂ ಕಲಿತಿಲ್ಲ. ಆದ್ದರಿಂದ ಯಜಮಾನರ ಕಥೆ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಇಲ್ಲವೆನ್ನುವವರು ಮೊದಲು ನನ್ನಷ್ಟು ವರ್ಷ ಆ ಗೋಡೆಗೆ ಮೊಣಕೈ ಊರಿ ನೋಡಲಿ.

ಯಜಮಾನರಿಗೆ ಆಗ ಐವತ್ತೆಂಟು. ಸೈನ್ಯದಲ್ಲಿ ಮೂರು ವರ್ಷ ಕಾಗದಪತ್ರ ಬರೆದು ಬಂದವರು. ಗುದ್ದಲಿ ಹಿಡಿದರೆ ಅಂಗೈಗೆ ಬೊಬ್ಬೆ, ಕುಡುಗೋಲು ಹಿಡಿದರೆ ಬೆರಳಿಗೆ ಬಟ್ಟೆ. ಆದರೆ ಧ್ವನಿ ಮಾತ್ರ ದೇವರು ಧಾರಾಳವಾಗಿ ಕೊಟ್ಟಿದ್ದ. ಊರಿಗೆ ಕರೆಂಟು ಬಂದ ಮೇಲೆ ಸಭಾಮನೆಯ ಕಂಬಕ್ಕೆ ಧ್ವನಿವರ್ಧಕ ಕಟ್ಟಿಸಿದರು. ಅಂದಿನಿಂದ ಪ್ರತಿ ಬೆಳಗ್ಗೆ, ಒಲೆಯ ಮೇಲೆ ಸಾರು ಕುದಿಯುವ ಹೊತ್ತಿಗೆ ಸರಿಯಾಗಿ, ಕಂಬ ಕೆಮ್ಮುತ್ತಿತ್ತು. "ಆ... ಆ... ಯಜಮಾನ ಮೇಂಗ್ ಚಿಲ್‌ಸೊಂಗ್ ಮಾತಾಡ್ತಿದ್ದೇನೆ. ಎಲ್ರಿಗೂ ಕೇಳಿಸ್ತಿದೆಯಾ?" ಎಂದು ಕೇಳಿ ಸ್ವಲ್ಪ ಹೊತ್ತು ಉತ್ತರಕ್ಕೆ ಕಾಯುತ್ತಿದ್ದರು. ಕಂಬಕ್ಕೆ ಯಾರು ಉತ್ತರ ಕೊಡುತ್ತಾರೆ? ನಾಯಿಗಳು ಕೊಡುತ್ತಿದ್ದವು.

ಚಳಿಗಾಲದ ಮೂಲಂಗಿಯ ಬಾಲ, ಅಂದರೆ ತುದಿಯ ಸಪೂರ ಬೇರು, ಉದ್ದವಾದರೆ ಆ ವರ್ಷ ಚಳಿ ಕಟು, ಗಿಡ್ಡವಾದರೆ ಚಳಿ ಸೌಮ್ಯ ಎಂದು ನಮ್ಮ ಕಡೆ ಹಿಂದಿನಿಂದ ಹೇಳುತ್ತಾರೆ. ಎಲ್ಲ ಮನೆಯಲ್ಲೂ ಹೇಳುತ್ತಾರೆ, ಹೇಳಿ ಮರೆಯುತ್ತಾರೆ. ಯಜಮಾನರು ಮರೆಯಲಿಲ್ಲ. ಏಳೆಂಟು ವರ್ಷದ ಹಿಂದೆ ತಮ್ಮ ಹಿತ್ತಲಿನ ಮೂಲಂಗಿಯ ಬಾಲ ಮೊಣಕೈವರೆಗೆ ಬಂದಿದ್ದನ್ನು ಕಂಡು, "ಈ ಸಲ ಕೊರೆಯುತ್ತೆ ನೋಡಿ" ಅಂದರು. ಕೊರೆಯಿತು. ಮರುವರ್ಷ ಗಿಡ್ಡ ಬಾಲ, ಬೆಚ್ಚಗಿನ ಚಳಿ. ಅದರ ಮುಂದಿನ ವರ್ಷವೂ ಸರಿಹೋಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಮೂರು ಸಲ ಸರಿಹೋದರೆ ಸಾಕು, ಆಮೇಲೆ ಕೊಂಬೆ ಮುರಿಯುವ ಅಧಿಕಾರ ಕಾಗೆಯದೇ. ಮುಂದೆ ತಪ್ಪಿದ ವರ್ಷಗಳಲ್ಲಿ ತಪ್ಪಿದ್ದು ಹವೆಯೇ ಹೊರತು ಯಜಮಾನರಲ್ಲ ಎಂದು ಊರ ಗಂಡಸರೆಲ್ಲ ಒಪ್ಪಿಕೊಂಡರು.

ಅದರಲ್ಲೂ ನಮ್ಮ ಮನೆಯವರು. ಯಜಮಾನರ ಬಿದಿರಿನ ಅಳತೆಪಟ್ಟಿ ಹಿಡಿಯುವ ಗೌರವ ಅವರದು. ಕಟ್ಟಿಕೊಂಡ ಹೆಂಡತಿ ಸೌತೆ ಬಳ್ಳಿಗೆ ಚಪ್ಪರ ಕಟ್ಟಲು ಒಂದು ಗಳ ಹಿಡಿಯಿರಿ ಅಂದರೆ ಸೊಂಟ ನೋವು. ಮನೆಗೆ ಮಾರಿ, ಊರಿಗೆ ಉಪಕಾರಿ.

ಇನ್ನು ಆ ಮೂಲಂಗಿ ಬೆಳೆಯುತ್ತಿದ್ದವರು ಯಾರು? ಯಜಮಾನರ ಹೆಂಡತಿ. ಮಗಳ ಹೆಸರಿನಿಂದ ಎಲ್ಲರೂ ಮಿಸುಕ್ ತಾಯಿ ಎನ್ನುತ್ತಿದ್ದೆವು, ನಾನು ಅಕ್ಕ ಎನ್ನುತ್ತಿದ್ದೆ. ಗಿಡ್ಡನೆಯ ಹೆಂಗಸು. ಮಾತು ಕಡಿಮೆ, ಆಡಿದ್ದಕ್ಕೆ ಉಪ್ಪು ಜಾಸ್ತಿ. ಜುಲೈನಲ್ಲೇ ಹಿತ್ತಲನ್ನು ಮೊಣಕಾಲು ಆಳ ಅಗೆದು ಕಲ್ಲು ಆರಿಸುತ್ತಿದ್ದರು. ಒಂದು ಕಲ್ಲು ಉಳಿದರೂ ಮೂಲಂಗಿ ಅಲ್ಲಿಗೆ ಬಂದು ಕಾಲು ಕವಲೊಡೆಯುತ್ತದೆ. ಹಳೆಯ ಗೊಬ್ಬರ, ಒಲೆಯ ಬೂದಿ. ಆಗಸ್ಟ್ ನಡುವಿನಲ್ಲಿ ಗುಳಿಗೆ ಮೂರು ಬೀಜ. ಎಲೆ ಬಂದ ಮೇಲೆ ಒಂದನ್ನು ಕಿತ್ತು ಸೊಪ್ಪಿನ ಪಲ್ಯ, ಇನ್ನೊಂದನ್ನು ಕಿತ್ತು ಉಪ್ಪು ಖಾರ ಹಾಕಿ ಹುಳಿಗಿಟ್ಟ ಎಳೆ ಕಿಮ್ಚಿ, ಗಟ್ಟಿಯಾದ ಒಂದು ಗುಳಿಯಲ್ಲಿ. ಎಲೆ ತೂತು ಮಾಡುವ ಹುಳಕ್ಕೆ ಮಂಜು ಆರುವ ಮೊದಲೇ ಬೂದಿ ಎರಚುವುದು. ಗಡ್ಡೆಯ ಭುಜ ಮಣ್ಣಿನ ಮೇಲೆ ಬಂದಾಗ ಮಣ್ಣು ಏರಿಸುವುದು. ಅಕ್ಟೋಬರ್ ಕಳೆಯುವಷ್ಟರಲ್ಲಿ ಮೀನಖಂಡದಷ್ಟು ದಪ್ಪ, ಭುಜಕ್ಕೆ ಹಸಿರು ಏರಿದ ಮೂಲಂಗಿಗಳು ಸಾಲಾಗಿ ನಿಲ್ಲುತ್ತಿದ್ದವು. ಆಗ ಯಜಮಾನರು ಕೈ ತೊಳೆದುಕೊಂಡು ಬಂದು ಒಂದನ್ನು ಕಿತ್ತು ಊರಿಗೆ ತೋರಿಸುತ್ತಿದ್ದರು. ಊರು, "ಆಹಾ, ಯಜಮಾನರ ಮೂಲಂಗಿ" ಎನ್ನುತ್ತಿತ್ತು.

ಆ ವರ್ಷ ಏನಾಯಿತೆಂದರೆ, ಸರಿಯಾಗಿ ಬಿತ್ತನೆಯ ಹೊತ್ತಿಗೆ ಪಟ್ಟಣದಲ್ಲಿದ್ದ ಮಿಸುಕ್‌ಗೆ ಹೆರಿಗೆ. ತಾಯಿ ಬಾಣಂತನಕ್ಕೆ ಹೋಗಲೇಬೇಕು. ಹೊರಡುವ ದಿನ ಅಕ್ಕ ಗಂಡನನ್ನು ಹಿತ್ತಲಿಗೆ ಕರೆದು ಹೇಳಿದ್ದನ್ನು ನಾನು ಕೇಳಿಸಿಕೊಂಡೆ.

"ಬೀಜ ಡಬ್ಬೀಲಿದೆ. ಹದಿನೈದರ ಮೇಲೆ ನೇರ ಮಣ್ಣಿಗೆ ಹಾಕಿ. ಗುಳಿಗೆ ಮೂರು. ಅಷ್ಟೇ. ಇನ್ನೇನೂ ಮಾಡ್ಬೇಡಿ."

"ಮೂಲಂಗಿ ವಿಷಯ ನನಗೆ ಹೇಳ್ಕೊಡ್ತೀಯಾ?"

"ಬಾಲದ ವಿಷಯ ನಿಮಗೆ ಗೊತ್ತು. ತಲೆ ವಿಷಯ ಹೇಳ್ತಿದೀನಿ."

ಬಸ್ಸು ತಿರುವು ದಾಟಿತೋ ಇಲ್ಲವೋ, ಯಜಮಾನರು ಮರದ ಪೆಟ್ಟಿಗೆಗಳಲ್ಲಿ ಮಣ್ಣು ತುಂಬಿ ಬೀಜ ಚೆಲ್ಲಿದರು. ಎಲೆಕೋಸಿನ ಹಾಗೆ ಸಸಿ ಎಬ್ಬಿಸಿ ನಾಟಿ ಮಾಡಿದರೆ ಸಾಲು ದಾರ ಹಿಡಿದಂತೆ ನೆಟ್ಟಗಿರುತ್ತದೆ ಎಂಬುದು ಅವರ ಯೋಜನೆ. ಸೈನ್ಯದಲ್ಲಿದ್ದವರಲ್ಲವೆ. ಮೂಲಂಗಿಯ ಸಸಿ ಕಿತ್ತು ನೆಟ್ಟರೆ ಬೇರು ಮಡಚಿಕೊಳ್ಳುತ್ತದೆ, ತುದಿ ಮುರಿಯುತ್ತದೆ, ಕೆಳಗೆ ಇಳಿಯುವ ಬದಲು ಕಾಲು ಚಾಚಿ ಕೂತುಬಿಡುತ್ತದೆ. ಇದು ನಮ್ಮೂರಲ್ಲಿ ಹಾಲುಹಲ್ಲು ಬೀಳದ ಹುಡುಗಿಗೂ ಗೊತ್ತು. ಗೋಡೆಯ ಮೇಲಿಂದ ನಾನು ಹೇಳಿಯೂ ಹೇಳಿದೆ.

"ಯಜಮಾನ್ರೇ, ಮೂಲಂಗೀನ ನಾಟಿ ಮಾಡಲ್ಲ."

"ಮಾನ್ಸು ತಾಯಿ, ನಿನ್ನ ಒಲೆ ಮೇಲೆ ಏನೋ ಸೀಯ್ತಿದೆ."

ಏನೂ ಸೀಯುತ್ತಿರಲಿಲ್ಲ. ಆದರೂ ಹೋಗಿ ನೋಡಿ ಬಂದೆ, ನನ್ನ ಹಣೆಬರಹ.

ಆಗಸ್ಟ್ ಮುಗಿಯುವ ಮೊದಲು ಅಕ್ಕ ಮರಳಿದರು. ಹಿತ್ತಲಿಗೆ ಬಂದು ಆ ದಾರ ಹಿಡಿದ ಸಾಲುಗಳನ್ನು ನೋಡಿದರು. ಬೈಯಲಿಲ್ಲ. ಮುಂದಿನ ನಾಲ್ಕು ಸಾಲು, ಯಜಮಾನರು ಬೆಳಗ್ಗೆ ಹಲ್ಲುಜ್ಜುತ್ತಾ ನಿಂತು ನೋಡುವ ಜಾಗ, ಅದನ್ನು ಹಾಗೆಯೇ ಬಿಟ್ಟು, ಹಿಂದಿನ ಸಾಲುಗಳನ್ನೆಲ್ಲ ಕಿತ್ತು, ಮತ್ತೆ ಬೀಜ ಹಾಕಿದರು. ಯಜಮಾನರಿಗೆ ಗೊತ್ತೇ ಆಗಲಿಲ್ಲ. ನಾಟಿ ಮುಗಿದ ಮೇಲೆ ನಾಲ್ಕು ಸಾಲಿನ ಆಚೆ ಅವರು ಹೋಗಿರಲೇ ಇಲ್ಲ.

ನವೆಂಬರ್ ಬಂತು. ಪಂಚಾಂಗದಲ್ಲಿ ಚಳಿಗಾಲ ಕಾಲಿಡುವ ದಿನದ ಮಾರನೆಯ ದಿನ ಬಾಲ ಅಳೆಯುವ ದಿನ. ಊರ ಗಂಡಸರು ಹತ್ತು ಹನ್ನೆರಡು ಮಂದಿ, ಒಂದು ಹಂಡೆ ಅಕ್ಕಿಹೆಂಡ, ಸೋಯಾ ಹಾಲು ಒಡೆಸಿ ಕಟ್ಟಿದ ಗಟ್ಟಿ ತುಂಡು, ಪಟ್ಟಿ ಹಿಡಿದ ನಮ್ಮ ಮನೆಯವರು. ಯಜಮಾನರು ಕೋಟು ಹಾಕಿಕೊಂಡು ಬಂದು ತಮ್ಮ ಮೊದಲ ಸಾಲಿನ ಒಂದು ಮೂಲಂಗಿಯನ್ನು ಹಿಡಿದು ಎಳೆದರು. ಅದು ಬರುವಾಗ ಒಂದು ತರಹ ಸದ್ದಾಯಿತು.

ಅಯ್ಯೋ, ಅದು ಮೂಲಂಗಿಯೇ? ಮುಷ್ಟಿಯಷ್ಟು ಗಾತ್ರ, ಕೆಳಗೆ ಎರಡು ಕಾಲು ಅಗಲಿಸಿ ಕೂತ ಹಾಗೆ, ತುದಿಯಲ್ಲಿ ಇಲಿಮರಿಯ ಬಾಲದಷ್ಟು ಬೇರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು.

"ಬಾಲ ಅರ್ಧ ಬೆರಳೂ ಇಲ್ಲ," ಅಂದರು ನಮ್ಮ ಮನೆಯವರು, ಪಟ್ಟಿಯನ್ನು ಎರಡು ಸಲ ಹಿಡಿದು.

ಯಾರೋ ಕೇಳಿದರು, "ಎರಡು ಕಾಲು ಬಂದಿದೆಯಲ್ಲಾ ಯಜಮಾನ್ರೇ?"

ಯಜಮಾನರು ಮೂಲಂಗಿಯನ್ನು ಎತ್ತಿ ತಿರುಗಿಸಿ ನೋಡಿದರು. "ಅದೇ ವಿಶೇಷ. ಬಾಲ ಗಿಡ್ಡ ಅಂದ್ರೆ ಚಳಿ ಇಲ್ಲ. ಕಾಲು ಬಂದಿದೆ ಅಂದ್ರೆ, ಇದ್ದ ಚಳೀನೂ ಓಡಿಹೋಗುತ್ತೆ."

"ಆಹಾ!" ಎಂದರು ನಮ್ಮ ಮನೆಯವರು. ಹಂಡೆ ಖಾಲಿಯಾಯಿತು.

ತಾವೇ ಕೆಡಿಸಿದ ಬೇರಿನಲ್ಲಿ ತಾವೇ ದೈವಸಂದೇಶ ಓದಿದ ಮಹಾನುಭಾವರನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಕ ಜಗುಲಿಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ, ಆದರೆ ಸುಲಿಯುವುದು ನಿಂತಿತ್ತು.

ಮರುದಿನ ಬೆಳಗ್ಗೆ ಕಂಬ ಕೆಮ್ಮಿತು. ಈ ವರ್ಷ ಚಳಿ ಸೌಮ್ಯವಾಗಿರುವುದರಿಂದ ಯಾರೂ ಅವಸರಪಟ್ಟು ಮೂಲಂಗಿ ಕೀಳಬಾರದು. ಇನ್ನೂ ಹದಿನೈದು ದಿನ ನಿಂತರೆ ತೊಡೆಯಷ್ಟು ದಪ್ಪವಾಗುತ್ತವೆ. ಇಪ್ಪತ್ತೈದನೇ ತಾರೀಕು ಒಟ್ಟಿಗೆ ಕಿತ್ತು, ಮೊದಲು ಯಜಮಾನರ ಮನೆ, ಆಮೇಲೆ ಸರದಿಯ ಪ್ರಕಾರ ಮನೆಮನೆಯ ಕಿಮ್ಚಿ ಹಾಕುವುದು. ನಮ್ಮಲ್ಲಿ ಕಿಮ್ಚಿ ಒಬ್ಬಳು ಹಾಕುವ ಕೆಲಸವಲ್ಲ. ಇವತ್ತು ನಿಮ್ಮ ಮನೆಯಲ್ಲಿ ಹತ್ತು ಹೆಂಗಸರು, ನಾಳೆ ನಮ್ಮ ಮನೆಯಲ್ಲಿ ಹತ್ತು ಹೆಂಗಸರು. ಸರದಿ ತಪ್ಪಿದವಳು ಚಳಿಗಾಲದ ಅನ್ನಕ್ಕೆ ಏನು ನೆಂಚಿಕೊಳ್ಳುತ್ತಾಳೆ? ಆದ್ದರಿಂದ ಎಲ್ಲರೂ ಸುಮ್ಮನಾದರು.

ಮೂರು ದಿನ ಕಳೆದ ಮೇಲೆ ರೇಡಿಯೊದಲ್ಲಿ ಬಂತು: ಉತ್ತರದಿಂದ ಶೀತಗಾಳಿ, ವಾರದೊಳಗೆ ನೀರು ಗಡ್ಡೆಕಟ್ಟುವಷ್ಟು ಚಳಿ. ನಾನು ನಮ್ಮ ಮನೆಯವರ ಕಡೆ ನೋಡಿದೆ.

"ಸಿಯೋಲ್‌ನಲ್ಲಿ ಕೂತಿರೋನಿಗೆ ನಮ್ಮೂರ ಮೂಲಂಗಿ ಬಾಲ ಕಾಣಿಸುತ್ತಾ?" ಎಂದು ಅವರು ರೇಡಿಯೊ ಆರಿಸಿದರು. ರೇಡಿಯೊ ಆರಿಸಿದರೆ ಚಳಿ ಬರುವುದಿಲ್ಲವಂತೆ.

ಮೂಲಂಗಿಗೆ ಮಂಜು ಬಿದ್ದರೆ ಪರವಾಗಿಲ್ಲ, ಸಿಹಿಯಾಗುತ್ತದೆ. ನೆಲ ಹೆಪ್ಪುಗಟ್ಟಿದರೆ ಮಾತ್ರ ಮುಗಿಯಿತು. ಒಳಗೆ ಗಾಜಿನಂತಾಗಿ, ಕರಗಿದಾಗ ನೀರು ಸುರಿದು, ಉಳಿದದ್ದು ಬೆಂಡು. ಬೆಂಡಾದ ಮೂಲಂಗಿಯಿಂದ ನೀರುಕಿಮ್ಚಿಯೂ ಇಲ್ಲ, ಸಾರೂ ಇಲ್ಲ, ಮಾರ್ಚ್‌ವರೆಗೆ ಬರೀ ಬಾರ್ಲಿ ಅನ್ನದ ಮುಂದೆ ಕೂತು ಗೋಡೆ ನೋಡುವುದು. ಇದು ಅಕ್ಕನಿಗೆ ಗೊತ್ತಿತ್ತು. ಅವತ್ತು ಸಂಜೆ ಗೋಡೆಯ ಆಚೆ ಮಾತು ಏರಿತು.

"ರೀ, ನಾಳೆ ಮೂಲಂಗಿ ಕೀಳ್ತೀನಿ."

"ಕಿತ್ತು ನನ್ನ ಮುಖ ಎಲ್ಲಿಡ್ತೀಯಾ?"

"ಮೂಲಂಗಿ ಹೋದ್ರೆ ಅನ್ನಕ್ಕೆ ಏನ್ ನೆಂಚ್ಕೋತೀರಾ? ಮುಖಾನಾ?"

"ಯಜಮಾನನ ಹೆಂಡ್ತಿನೇ ಯಜಮಾನನ ಮಾತು ನಂಬ್ಲಿಲ್ಲ ಅಂತ ಊರು ನಗಲ್ವಾ?" ಮತ್ತೆ ಯಜಮಾನರ ಧ್ವನಿ, ಕಂಬದಿಂದ ನಾನು ಎಂದೂ ಕೇಳದ ಧ್ವನಿ. "ನೇಗಿಲು ಹಿಡಿಯೋಕೆ ಬರಲ್ಲ, ದನ ನೋಡೋಕೆ ಬರಲ್ಲ. ಬಾಲ ಅಳೆಯೋದೂ ಸುಳ್ಳು ಅಂತಾದ್ರೆ, ನನಗೆ ಇನ್ನೇನಿದೆ ಹೇಳು?"

ಅಕ್ಕ ಪಾತ್ರೆ ಎತ್ತಿಡುವ ಸದ್ದು ಕೇಳಿಸಿತು. ನನಗೆ ಆ ಮನುಷ್ಯನ ಮೇಲೆ ಅಷ್ಟು ಸಿಟ್ಟಿತ್ತು, ಆದರೂ ಪಾಪ ಎನ್ನಿಸಿತು. ಇದೇ ನನ್ನ ದೌರ್ಬಲ್ಯ.

ಮಾರನೆಯ ದಿನ ತಾಲ್ಲೂಕು ಕಚೇರಿಯಲ್ಲಿ ಊರೂರ ಯಜಮಾನರ ಸಭೆ. ನಮ್ಮೂರ ಯಜಮಾನರ ಹಿಂದೆ ನಮ್ಮ ಮನೆಯವರೂ, ಸಭೆಯ ಊಟದ ಆಸೆಗೆ ಊರಿನ ಉಳಿದ ಗಂಡಸರೂ ಬಸ್ಸು ಹತ್ತಿದರು. ಬಸ್ಸಿನ ಹೊಗೆ ಆರುವ ಮೊದಲೇ ಗೋಡೆಯ ಆಚೆ ಮಣ್ಣು ಸಡಿಲವಾಗುವ ಸದ್ದು. ಇಣುಕಿದೆ. ಅಕ್ಕ ಹಿಂದಿನ ಸಾಲುಗಳಲ್ಲಿ ಕುಕ್ಕರಗಾಲಲ್ಲಿ ಕೂತು ಮೂಲಂಗಿಗಳನ್ನು ಒಂದೊಂದಾಗಿ ಅಲುಗಾಡಿಸಿ ಎಳೆಯುತ್ತಿದ್ದರು. ಉದ್ದನೆಯ ಬಾಲ, ಕಣ್ಣಾರೆ ಕಂಡೆ, ಒಂದೊಂದಕ್ಕೂ ಗೇಣುದ್ದ. ಎಳೆದ ತಕ್ಷಣ ಚಾಕುವಿನಿಂದ ತಲೆಯ ಹತ್ತಿರ ಕಚಕ್ಕನೆ ಕತ್ತರಿಸಿ, ಮೂಲಂಗಿಯನ್ನು ಗೋಣಿಗೆ ಹಾಕಿ, ಎಲೆಯ ಜುಟ್ಟನ್ನು ಒಂದು ಬಿಲ್ಲೆ ಮೂಲಂಗಿಯ ಸಮೇತ ಅದೇ ಗುಳಿಯಲ್ಲಿ ಊರಿ, ಮಣ್ಣು ಒತ್ತಿ, ಮುಂದಿನದಕ್ಕೆ ಸರಿಯುತ್ತಿದ್ದರು.

ಮುಗಿದ ಸಾಲುಗಳ ಕಡೆ ನೋಡಿದೆ. ಹಸಿರು ಜುಟ್ಟುಗಳು ನೆಟ್ಟಗೆ ನಿಂತಿದ್ದವು. ಒಳಗೆ ಏನಿಲ್ಲವೆಂದು ದೇವರಾಣೆಗೂ ಹೇಳಲಾಗದು.

"ಅಕ್ಕಾ!" ಅಂದೆ.

ಅಕ್ಕ ಬೆಚ್ಚಿದರು. ಆಮೇಲೆ ನಾನೇ ಎಂದು ಕಂಡು ಉಸಿರು ಬಿಟ್ಟರು. "ನೋಡ್ಬಿಟ್ಟೆಯಾ? ಹೋಗ್ಲಿ. ಮೂಲಂಗೀನೂ ಉಳೀಬೇಕು, ಅವ್ರ ಮುಖಾನೂ ಉಳೀಬೇಕು ಅಂದ್ರೆ ನಾನಿನ್ನೇನ್ ಮಾಡ್ಲಿ?"

"ಎಷ್ಟು ದಿನ ನಿಲ್ಲುತ್ತೆ ಇದು?"

"ತಂಪಿದ್ರೆ ಐದಾರು ದಿನ. ಚಳಿ ಬಂದು ಮಲಗಿಸಿದ್ರೆ, ತಪ್ಪು ಚಳೀದು. ಬರ್ದೇ ಇದ್ರೆ, ಯಾವ್ದೋ ಹುಳ ಬಂತು ಅಂತೀನಿ." ಚಾಕು ಒರೆಸಿಕೊಂಡು ನನ್ನನ್ನು ನೋಡಿದರು. "ಯಾರಿಗೂ ಹೇಳ್ಬೇಡ ಕಣೇ."

ಹೇಳಲಿಲ್ಲ. ನೇರ ಒಳಗೆ ಹೋಗಿ ನಮ್ಮ ಮನೆಯ ಚಾಕು ಮಸೆದೆ.

ಮಧ್ಯಾಹ್ನ ದಾಟುವಷ್ಟರಲ್ಲಿ ನಮ್ಮ ಹಿತ್ತಲಿನ ಮೂಲಂಗಿಗಳೆಲ್ಲ ಉಗ್ರಾಣದ ಎರಡು ಖಾಲಿ ಜಾಡಿಗಳಲ್ಲಿ ಹುಲ್ಲು ಹೊದ್ದು ಮಲಗಿದ್ದವು. ಕೈ ತೊಳೆಯಲು ತೊರೆಯ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋದರೆ ಅಲ್ಲಿ ಹತ್ತು ಹೆಂಗಸರು. ಎಲ್ಲರ ಉಗುರಿನಲ್ಲೂ ಹಸಿ ಮಣ್ಣು, ಬೆರಳ ತುದಿಯಲ್ಲೆಲ್ಲ ಹಸಿರು. ಯಾರೂ ಯಾರ ಕೈಯನ್ನೂ ನೋಡುತ್ತಿಲ್ಲ. ಅಷ್ಟು ಮರ್ಯಾದಸ್ಥ ಮೌನ ನಮ್ಮೂರ ಬಟ್ಟೆಗಲ್ಲಿನ ಮೇಲೆ ಹಿಂದೆಂದೂ ಇದ್ದಿರಲಿಲ್ಲ.

ಕೊನೆಗೆ ಕೊಳದ ಮನೆಯ ಅಜ್ಜಿ, ಎಂಬತ್ತು ದಾಟಿದವರು, ತಡೆಯಲಾರದೆ ಬಾಯಿಬಿಟ್ಟರು. "ನನ್ನ ಹಾಸಿಗೆ ಪೆಟ್ಟಿಗೇಲಿ ಈಗ ಹಾಸಿಗೆ ಇಲ್ಲ. ಇವತ್ತು ರಾತ್ರಿ ನನ್ನ ಗಂಡ ಹೊದಿಕೆ ಕೇಳಿದ್ರೆ ಏನ್ ಹೇಳ್ಲಿ?"

ಒಬ್ಬಳು ಕಿಸಕ್ಕೆಂದಳು. ಇನ್ನೊಬ್ಬಳು ನೀರಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಒಬ್ಬಳು ಸೌದೆ ರಾಶಿಯ ಕೆಳಗೆ, ಒಬ್ಬಳು ಸತ್ತ ಮಾವನ ಕೋಣೆಯಲ್ಲಿ, ಒಬ್ಬಳು ಕೋಳಿಗೂಡಿನ ಅಟ್ಟದಲ್ಲಿ ಮೂಲಂಗಿ ಬಚ್ಚಿಟ್ಟಿದ್ದಳು. ಒಬ್ಬರಿಗೊಬ್ಬರು ಹೇಳದೆ ಊರಿನ ಹೆಂಗಸರೆಲ್ಲ ಒಂದೇ ದಿನ ಒಂದೇ ಕೆಲಸ ಮಾಡಿದ್ದರು. ಅಕ್ಕನೂ ಅಲ್ಲಿಗೆ ಬಂದರು. ನಗುವುದನ್ನು ಕಂಡು ಮೊದಲು ಗಾಬರಿಯಾಗಿ, ಆಮೇಲೆ ಒಬ್ಬೊಬ್ಬರ ಬೆರಳು ನೋಡಿ, ಬಟ್ಟೆಗಲ್ಲಿನ ಮೇಲೆ ಕೂತುಬಿಟ್ಟರು.

"ಎಲ್ರೂನಾ?"

"ಎಲ್ರೂ," ಅಂದರು ಅಜ್ಜಿ. "ನಮ್ಮ ಗಂಡಸ್ರಿಗೆ ಯಜಮಾನ್ರ ಮೇಲೆ ನಂಬಿಕೆ ಇರ್ಲಿ ಪಾಪ. ಅದೇನು ಮೇವು ನೀರು ಕೇಳುತ್ತಾ?"

ಮುಂದಿನ ದಿನಗಳಲ್ಲಿ ಗಂಡಸರು ಸಂಜೆ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹಿತ್ತಲಿಂದ ಹಿತ್ತಲಿಗೆ ಸುತ್ತಿದರು. "ಜುಟ್ಟು ನೋಡ್ರಿ, ದಿನದಿನಕ್ಕೆ ಹ್ಯಾಗೆ ಏರ್ತಿದೆ!" ಎಂದು ಯಜಮಾನರು ಬೆರಳು ತೋರಿದರೆ, ನಮ್ಮ ಮನೆಯವರು, "ಒಳಗೆ ತೊಡೆಯಷ್ಟಾಗಿರುತ್ತೆ" ಎನ್ನುತ್ತಿದ್ದರು. ನಾನು ಬೆಳಗ್ಗೆ ಸಂಜೆ ನೀರು ಚಿಮುಕಿಸುತ್ತಿದ್ದೆ. ಇಷ್ಟು ಶ್ರದ್ಧೆಯಿಂದ ನಾನು ಮೂಲಂಗಿ ಇದ್ದಾಗಲೂ ನೋಡಿಕೊಂಡಿರಲಿಲ್ಲ.

ಒಂದು ಸಲ ಮಾತ್ರ ಜೀವ ಬಾಯಿಗೆ ಬಂತು. ನಮ್ಮ ಮನೆಯವರು ಸಾಲಿನ ಮುಂದೆ ಬಗ್ಗಿ ಜುಟ್ಟಿಗೆ ಕೈ ಹಾಕಿದರು. "ಒಂದೇ ಒಂದು ಕಿತ್ತು ಸಾರು ಮಾಡೇ. ಒಣಮೀನು ಹಾಕಿ."

"ಮಾಡ್ತೀನಿ. ಇಪ್ಪತ್ತೈದರವರೆಗೆ ಯಾರೂ ಕೀಳ್ಬಾರ್ದು ಅಂತ ಯಜಮಾನ್ರು ಹೇಳಿದ್ದಲ್ವಾ? ಪಟ್ಟಿ ಹಿಡಿಯೋರ ಮನೇಲೇ ಮಾತು ಮುರಿದ್ರು ಅಂತ ನಾಳೆ ಬರ್ಲಿ."

ಕೈ ಹಿಂದಕ್ಕೆ ಹೋಯಿತು. "ಅದೂ ನಿಜವೇ," ಎಂದು ಅವರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಮದುವೆಯಾದಮೇಲೆ ಅವರು ನನ್ನನ್ನು ಹಾಗೆ ನೋಡಿದ್ದು ಎರಡನೇ ಸಲವಿರಬೇಕು.

ಐದನೇ ದಿನ ಬೆಳಗ್ಗೆ ಎದ್ದರೆ ಬಾಗಿಲು ತೆಗೆಯಲು ಬರಲಿಲ್ಲ, ಚೌಕಟ್ಟಿಗೆ ಅಂಟಿಕೊಂಡಿತ್ತು. ಅಂಗಳದ ನೀರಿನ ಮಡಕೆ ಬಿರಿದು ಎರಡಾಗಿತ್ತು. ಹಿತ್ತಲಿನ ಜುಟ್ಟುಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ನೆಲಕ್ಕೆ ಒರಗಿದ್ದವು. ನಮ್ಮ ಮನೆಯವರು ಬಾಗಿಲಲ್ಲೇ ನಿಂತು, "ಹೋಯ್ತು, ಎಲ್ಲಾ ಹೋಯ್ತು" ಅಂದರು. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಒಂದು ವಾರ ಮೆರೆದವರು ಒಂದು ಗಳಿಗೆ ನರಳಲಿ ಎಂದು ಮನಸ್ಸು ಹೇಳಿತು. ನಾನೇನು ಸಾಧ್ವಿಯಲ್ಲ.

ಗೋಡೆಯ ಆಚೆ ಯಜಮಾನರು ಕೋಟಿಲ್ಲದೆ, ಮಲಗಿದ ಬಟ್ಟೆಯಲ್ಲೇ ಬಂದು ನಿಂತಿದ್ದರು. ತಮ್ಮ ಮೊದಲ ಸಾಲಿನ ಒಂದು ಮೂಲಂಗಿಯನ್ನು ಎರಡೂ ಕೈಯಿಂದ ಕಿತ್ತರು. ಆ ನಾಲ್ಕು ಸಾಲನ್ನು ಅಕ್ಕ ಮುಟ್ಟಿರಲಿಲ್ಲ. ಎರಡು ಕಾಲಿನ ಆ ಮೂಲಂಗಿ ಕಲ್ಲಾಗಿತ್ತು, ಕೈಯಿಂದ ಜಾರಿ ಬಿದ್ದು ಟಣ್ಣೆಂದಿತು. ಅವರು ಅಲ್ಲೇ ನೆಲದ ಮೇಲೆ ಕೂತರು. "ಊರಿಗೆ ಊರೇ..." ಎಂದು ಏನೋ ಹೇಳಹೊರಟು ನಿಲ್ಲಿಸಿದರು. ಮುಖ ಬೂದಿಯಾಗಿತ್ತು. ನನಗೆ ನಗು ಬರಲಿಲ್ಲ.

ಆಮೇಲೆ ಎದ್ದು, ನಾಟಿಯಾದ ಮೇಲೆ ಮೊದಲ ಸಲ ನಾಲ್ಕನೇ ಸಾಲು ದಾಟಿ ಹಿಂದಕ್ಕೆ ಹೋದರು. ಒಂದು ಜುಟ್ಟು ಹಿಡಿದು ಬಲವಾಗಿ ಎಳೆದರು. ಅದು ಹಗುರವಾಗಿ ಬಂದುಬಿಟ್ಟಿತು, ಯಜಮಾನರು ಹಿಂದಕ್ಕೆ ಬಿದ್ದರು. ಬಿದ್ದಲ್ಲೇ ಅದರ ಅಡಿಯನ್ನು ತಿರುಗಿಸಿ ನೋಡಿದರು. ಚಾಕುವಿನ ನೀಟಾದ ಕತ್ತರಿಕೆ. ಇನ್ನೊಂದು ಎಳೆದರು. ಇನ್ನೊಂದು.

ಅಕ್ಕ ಜಗುಲಿಗೆ ಬಂದಿದ್ದರು.

"ಎಲ್ಲಿ?" ಅಂದರು ಯಜಮಾನರು.

"ಸೌದೆ ಕೊಟ್ಟಿಗೇಲಿ. ಹುಲ್ಲಿನ ಕೆಳಗೆ. ಒಂದೂ ಹೋಗಿಲ್ಲ."

"ನಿನಗೆ ನನ್ನ ಮೇಲೆ ನಂಬಿಕೆ ಇರ್ಲಿಲ್ಲ."

"ನಿಮ್ಮ ಮೇಲಿತ್ತು. ನಿಮ್ಮ ಮೂಲಂಗಿ ಮೇಲಿರ್ಲಿಲ್ಲ. ಅದನ್ನ ಹಾಗೆ ಮಾಡಿದ್ದು ಹವೆ ಅಲ್ಲ, ನಾಟಿ." ಆಮೇಲೆ ಮೆತ್ತಗೆ ಅಂದರು, "ಯಾರಿಗೂ ಗೊತ್ತಾಗಲ್ಲ. ಚಳಿ ಬಂದು ಎಲ್ಲಾ ಹಾಳಾಯ್ತು ಅಂತ ಹೇಳಿ. ಒಳಗೆ ಬನ್ನಿ, ಕಾಲು ಸೆಟೆದಿದೆ."

ಇನ್ನು ಈ ಮನುಷ್ಯ ಏನು ಮಾಡುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಂಬ ಕೆಮ್ಮುತ್ತದೆ. ಚಳಿ ಬರುವುದು ತಮಗೆ ಮೊದಲೇ ಗೊತ್ತಿತ್ತು, ಹೆಂಡತಿಗೆ ಗುಟ್ಟಾಗಿ ಹೇಳಿ ಕೀಳಿಸಿದ್ದು ತಾವೇ ಎನ್ನುತ್ತಾರೆ. ಮುಂದಿನ ವರ್ಷವೂ ಅವರೇ ಯಜಮಾನರು. ನಾನು ಬೇಸರದಿಂದ ಒಳಗೆ ಬಂದು ಅಕ್ಕಿ ಅಳೆದು ಪಾತ್ರೆಗೆ ಹಾಕಿದೆ.

ಕಂಬ ಕೆಮ್ಮಿತು. ಆದರೆ ಕೇಳಿಸುತ್ತಿದೆಯಾ ಎಂದು ಕೇಳಲಿಲ್ಲ.

"ಯಜಮಾನ ಮೇಂಗ್ ಚಿಲ್‌ಸೊಂಗ್ ಮಾತಾಡ್ತಿದ್ದೇನೆ. ನನ್ನ ಮಾತು ಕೇಳಿ ಊರಿನ ಮೂಲಂಗಿ ಎಲ್ಲ ಹೆಪ್ಪುಗಟ್ಟಿ ಹೋಯ್ತು. ಬಾಲದಲ್ಲಿ ಏನೂ ಬರೆದಿರ್ಲಿಲ್ಲ. ನಾನು ನಾಟಿ ಮಾಡಿ ಕೆಡಿಸಿದ ಬೇರು ಅದು." ಉಸಿರು ಎಳೆದುಕೊಂಡ ಸದ್ದು ಊರೆಲ್ಲ ಕೇಳಿಸಿತು. "ನನ್ನ ಮನೆ ಮೂಲಂಗಿ ಉಳಿದಿದೆ. ನನ್ನ ಹೆಂಡ್ತಿ ನನ್ನ ಮಾತು ಕೇಳ್ಲಿಲ್ಲ, ಅದಕ್ಕೆ ಉಳೀತು. ಎಲ್ರೂ ಬುಟ್ಟಿ ತನ್ನಿ. ಮನೆಗಿಷ್ಟು ಅಂತ ಹಂಚ್ಕೊಳ್ಳಿ. ನಮಗೆ ಉಳೀದೇ ಇದ್ರೂ ಪರವಾಗಿಲ್ಲ. ನನ್ನನ್ನ ಕ್ಷಮಿಸಿ."

ನನ್ನ ಕೈ ಅಕ್ಕಿಯಲ್ಲೇ ನಿಂತಿತು. ಹದಿನಾಲ್ಕು ವರ್ಷ ಗೋಡೆಯ ಮೇಲಿಂದ ನೋಡಿದ ಮನುಷ್ಯನನ್ನು ನಾನು ನೋಡಿಯೇ ಇರಲಿಲ್ಲವೆನ್ನಿಸಿ ನಾಚಿಕೆಯಾಯಿತು. ನಮ್ಮ ಮನೆಯವರ ಕಣ್ಣು ತುಂಬಿತ್ತು. "ಎಂಥಾ ಮನುಷ್ಯ!" ಎಂದು ಮೂಲೆಯ ಬುಟ್ಟಿ ತೆಗೆದುಕೊಂಡರು, ಊರಿನಲ್ಲಿ ಅತಿ ದೊಡ್ಡದಾದದ್ದನ್ನು.

ಹೊರಗೆ ಬೀದಿಯಲ್ಲಿ ರಬ್ಬರ್ ಚಪ್ಪಲಿಯ ಪಟಪಟ ಸದ್ದು. ಅಕ್ಕ ಓಡುತ್ತಿದ್ದರು. ಐವತ್ತು ದಾಟಿದ ಹೆಂಗಸು ಮಂಜುಗಟ್ಟಿದ ದಾರಿಯಲ್ಲಿ ಲಂಗ ಎತ್ತಿ ಕಟ್ಟಿಕೊಂಡು ಸಭಾಮನೆಯ ಕಡೆ. ಸ್ವಲ್ಪ ಹೊತ್ತಿಗೆ ಕಂಬದಲ್ಲಿ ಕುರ್ಚಿ ಎಳೆದ ಸದ್ದು, "ಕೊಡಿ ಇತ್ತ" ಎಂಬ ಮಾತು, "ಇದನ್ನ ಎಲ್ಲಿ ಒತ್ತೋದು?" "ಒತ್ತಿದ್ದೀನಿ, ಮಾತಾಡು."

"ತಾಕ್ ಓಕ್‌ಬುನ್ ಮಾತಾಡ್ತಿರೋದು."

ನಮ್ಮ ಮನೆಯವರು ಬುಟ್ಟಿ ಹಿಡಿದು ನಿಂತರು. "ಯಾರದು?"

ನನಗೂ ಒಂದು ಗಳಿಗೆ ಹೊಳೆಯಲಿಲ್ಲ. ಅಕ್ಕನ ಸ್ವಂತ ಹೆಸರು ಅದು.

"ಯಾರೂ ಬುಟ್ಟಿ ತರ್ಬೇಡಿ," ಎಂದಿತು ಕಂಬ. "ನಮ್ಮನೆ ಮೂಲಂಗಿ ನಮ್ಮನೆಗೇ ಸಾಲಲ್ಲ. ನಮ್ಮವ್ರು ಇವತ್ತು ನಿಜ ಹೇಳಿದ್ದಾರೆ, ಅದು ಅವ್ರಿಗೆ ಹೊಸ ಕೆಲಸ. ಅರ್ಧ ಮಾತ್ರ ಗೊತ್ತು ಅವ್ರಿಗೆ, ಉಳಿದರ್ಧ ನಾನು ಹೇಳ್ತೀನಿ. ಅವ್ರ ನಾಲ್ಕು ಸಾಲು ಬಿಟ್ರೆ ಊರಲ್ಲಿ ಒಂದು ಮೂಲಂಗಿನೂ ಹೋಗಿಲ್ಲ. ಬುಟ್ಟಿ ಹಿಡ್ಕೊಂಡು ನಿಂತಿರೋ ಗಂಡಸ್ರೆಲ್ಲ ನಿಮ್ಮ ನಿಮ್ಮ ಹೆಂಡ್ತೀರನ್ನ ಕೇಳಿ."

ಕಂಬ ಸುಮ್ಮನಾಯಿತು. ಊರಿಗೆ ಊರೇ ಸುಮ್ಮನಾಯಿತು, ನಾಯಿಗಳೂ.

ನಮ್ಮ ಮನೆಯವರು ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಅಕ್ಕಿ ತೊಳೆಯುತ್ತಿದ್ದೆ. ನೀರು ಆಗಲೇ ತಿಳಿಯಾಗಿತ್ತು, ಆದರೂ ಇನ್ನೊಂದು ಸಲ ತೊಳೆದೆ.